ಮಿಷನ್ನಿಗೆ ಕಾಣುವುದು ಬಣ್ಣ

ಅಡಿಕೆ ಕೊಯ್ಲು ಮುಗಿದು ಜನ ದರಗು ತರಲು ಕಾಡಿಗೆ ಹೋಗುವ ಹೊತ್ತಿಗೆ ಶಿವಮೊಗ್ಗದ ನಮ್ಮ ಲ್ಯಾಬಿಗೆ ರಕ್ತದ ಸ್ಯಾಂಪಲ್ ಜಾಸ್ತಿಯಾಗುತ್ತವೆ. ಮಂಗನ ಕಾಯಿಲೆಯ ಅನುಮಾನ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ವೈರಸ್ ಇದು, ಉಣುಗು ಕಚ್ಚಿ ಬರುತ್ತದೆ. ಅದನ್ನು ಹುಡುಕಲು ಡಿಎನ್‌ಎಯನ್ನು ಮತ್ತೆ ಮತ್ತೆ ನಕಲು ಮಾಡುವ ಪಿಸಿಆರ್ ಮಿಷನ್ ಬಳಸುತ್ತೇವೆ. "ಆ ಮಿಷನ್ನಿಗೆ ವೈರಸ್ ಕಾಣುತ್ತದಾ?" ಅಂತ ಹೊಸನಗರದ ಅತ್ತಿಗೆ ಕೇಳಿದ್ದರು. ಇಲ್ಲ, ಅದಕ್ಕೆ ಕಾಣುವುದು ಪ್ರೋಬಿಗೆ ಕಟ್ಟಿದ ಬಣ್ಣ ಮಾತ್ರ.

ಪ್ರೋಬ್ ಅಂದರೆ ಇಪ್ಪತ್ತು-ಮೂವತ್ತು ಅಕ್ಷರದ ಡಿಎನ್‌ಎ ತುಂಡು. ವೈರಸ್ಸಿನ ಆರ್‌ಎನ್‌ಎಯನ್ನು ಮೊದಲು ಡಿಎನ್‌ಎ ಮಾಡಿಕೊಳ್ಳುತ್ತೇವೆ. ಅದರ ಒಂದು ಜಾಗಕ್ಕೆ ಮಾತ್ರ ಈ ತುಂಡು ಹೊಂದುತ್ತದೆ. ಒಂದು ತುದಿಯಲ್ಲಿ ಫ್ಯಾಮ್ ಅನ್ನುವ ಬಣ್ಣ, ಇನ್ನೊಂದರಲ್ಲಿ ಅದರ ಬೆಳಕು ನುಂಗುವ ಕ್ವೆಂಚರ್. ಎರಡೂ ಹತ್ತಿರ ಇರುವ ತನಕ ಬೆಳಕು ಹೊರಬರುವುದಿಲ್ಲ. ಪ್ರೋಬ್ ತನ್ನ ಜಾಗದಲ್ಲಿ ಕೂತಾಗ, ನಕಲು ಮಾಡುತ್ತಾ ಬರುವ ಟ್ಯಾಕ್ ಕಿಣ್ವ ಅದನ್ನು ತುಂಡರಿಸುತ್ತದೆ. ಬಣ್ಣ ಬೇರೆಯಾಗಿ 520 ನ್ಯಾನೋಮೀಟರ್ ಆಸುಪಾಸಿನ ಹಸಿರು ಬೆಳಕು ಕೊಡುತ್ತದೆ.

ಈ ಬಣ್ಣ ಕಟ್ಟುವ ಕೆಮಿಸ್ಟ್ರಿ ಎಂ.ಎಸ್ಸಿ. ದಿನಗಳಿಂದಲೂ ನನಗೆ ಇಷ್ಟ. ಒಂದು ದಾರಿಯಲ್ಲಿ ಡಿಎನ್‌ಎ ತುದಿಗೆ ಅಮೈನ್ ಗುಂಪು ಸೇರಿಸಿ, ಬಣ್ಣವನ್ನು ಅಮೈನಿಗೆ ಅಂಟಿಕೊಳ್ಳುವ ಎನ್‌ಎಚ್‌ಎಸ್ ಎಸ್ಟರ್ ರೂಪದಲ್ಲಿ ಬೆರೆಸುತ್ತಾರೆ. ದ್ರಾವಣದ ಪಿಎಚ್, ಅಂದರೆ ಆಮ್ಲ-ಕ್ಷಾರದ ಮಟ್ಟ, 8.5ರ ಹತ್ತಿರ ಇರಬೇಕು. ಕಡಿಮೆಯಾದರೆ ಅಮೈನ್ ಸುಮ್ನೆ ಕೂರುತ್ತದೆ, ಜಾಸ್ತಿಯಾದರೆ ಎಸ್ಟರನ್ನು ನೀರೇ ಮುರಿದು ಹಾಕುತ್ತದೆ. ಪಿಎಚ್ ಬದಲಾಗದಂತೆ ಕಾಯಲು ಟ್ರಿಸ್ ಬಫರ್ ಹಾಕುವಂತಿಲ್ಲ, ಅದರಲ್ಲೂ ಅಮೈನ್ ಇದೆ, ಬಣ್ಣ ಅದಕ್ಕೇ ಅಂಟಿಕೊಳ್ಳುತ್ತದೆ. ಆಮೇಲೆ ಅಂಟದೆ ಉಳಿದ ಬಣ್ಣವನ್ನೆಲ್ಲ ತೆಗೆಯಬೇಕು. ಇಲ್ಲದಿದ್ದರೆ ವೈರಸ್ ಇಲ್ಲದ ಟ್ಯೂಬೂ ಹೊಳೆಯುತ್ತದೆ. ಬಣ್ಣದ ಪಕ್ಕದಲ್ಲೇ ಡಿಎನ್‌ಎಯ ಜಿ ಅಕ್ಷರ, ಅಂದರೆ ಗ್ವಾನಿನ್, ಇರಬಾರದು, ಅದು ಕೂಡ ಬೆಳಕು ತಗ್ಗಿಸುತ್ತದೆ. ಎಷ್ಟು ಸಣ್ಣ ವಿಷಯ, ಅಲ್ವಾ? ಆದರೆ ರಿಪೋರ್ಟು ನಿಲ್ಲುವುದೇ ಇದರ ಮೇಲೆ.

ನಮಗೆ ಪ್ರೋಬ್ ಬರುವುದು ಒಣಗಿದ ರೂಪದಲ್ಲಿ. ಟ್ಯೂಬಿನ ತಳದಲ್ಲಿ ತೆಳು ಹಳದಿ ಕಲೆ, ಅಷ್ಟೇ. ಕರಗಿಸಿ, ಸಣ್ಣ ಪಾಲು ಮಾಡಿ, ಕಂದು ಟ್ಯೂಬಿನಲ್ಲಿ ಮೈನಸ್ 20 ಡಿಗ್ರಿಯಲ್ಲಿಡುತ್ತೇನೆ. ಬೆಳಕಿಗೆ ಬಿಟ್ಟರೆ ಬಣ್ಣ ಸಾಯುತ್ತದೆ. ಹಿಂದೆ ಪ್ರೋಬಿಗೆ ವಿಕಿರಣ ಸೂಸುವ ಫಾಸ್ಫರಸ್-32 ಹಾಕುತ್ತಿದ್ದರು. ಹದಿನಾಲ್ಕು ದಿನ ಕಳೆದರೆ ಅದರ ಶಕ್ತಿ ಅರ್ಧ. ಈಗಿನ ಬಣ್ಣ ಫ್ರೀಜರಿನಲ್ಲಿ ಒಂದು ಸೀಸನ್ ಪೂರ್ತಿ ಆರಾಮಾಗಿ ಇರುತ್ತದೆ.

ಆದರೆ ಎಷ್ಟೇ ಒಳ್ಳೆಯ ಪ್ರೋಬ್ ಇದ್ದರೂ ರಕ್ತದಲ್ಲಿ ವೈರಸ್ ಇರುವಾಗಲೇ ಸ್ಯಾಂಪಲ್ ಸಿಗಬೇಕು. ತಡವಾದರೆ ಅದು ರಕ್ತದಿಂದ ಹೋಗಿರುತ್ತದೆ, ಆಗ ಪ್ರತಿಕಾಯ ಹುಡುಕುವ ಐಜಿಎಂ ಎಲೈಸಾ ಮಾಡಬೇಕಾಗುತ್ತದೆ. ಕಾಡಿಗೆ ಹೋಗಿ ಬಂದವರಿಗೆ ಜ್ವರ, ಮೈಕೈ ನೋವು ಶುರುವಾದರೆ ಮೊದಲ ಎರಡು-ಮೂರು ದಿನದಲ್ಲೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ರಕ್ತ ಕೊಡಿ.