ಸೋನಿಕ್, ಅಫಿನಿಟಿ, ಪ್ಯಾಸಿಫಿಕಾ: ಕಲಬುರಗಿ ಬಿಸಿಲಿಗೆ ಯಾವ ಗಿಟಾರ್?

ಮೊದಲ ಎಲೆಕ್ಟ್ರಿಕ್ ಗಿಟಾರ್ ಕೊಳ್ಳಲು ಹೊರಟವರ ಪಟ್ಟಿಯಲ್ಲಿ ಕೊನೆಗೆ ಉಳಿಯುವುದು ಹೆಚ್ಚಾಗಿ ಇವೇ ಹೆಸರು. ಫೆಂಡರಿನ ಕಡಿಮೆ ಬೆಲೆಯ ಬ್ರಾಂಡ್ ಆದ ಸ್ಕ್ವಯರ್‌ನಲ್ಲಿ ಸೋನಿಕ್, ಅಫಿನಿಟಿ, ಕ್ಲಾಸಿಕ್ ವೈಬ್. ಯಮಹಾದಲ್ಲಿ ಪ್ಯಾಸಿಫಿಕಾ 012, 112ಜೆ, 112ವಿ. ಫೋಟೋದಲ್ಲಿ ಆರೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. 1954ರಲ್ಲಿ ಬಂದ ಫೆಂಡರ್ ಸ್ಟ್ರಾಟೋಕ್ಯಾಸ್ಟರಿನ ರೂಪವೇ ಎಲ್ಲಕ್ಕೂ ಮೂಲ. ನಟ್‌ನಿಂದ (ತಲೆಯ ಬಳಿ ತಂತಿ ಕೂರುವ ಪಟ್ಟಿ) ಬ್ರಿಜ್‌ವರೆಗಿನ (ಬಾಡಿಯ ಮೇಲೆ ತಂತಿ ಕೂರುವ ತಟ್ಟೆ) ತಂತಿಯ ಅಳತೆಯೂ ಒಂದೇ, 648 ಮಿಮೀ.

ಈ ಆರನ್ನೂ ಒಂದೇ ಕಡೆ ಕೈಯಲ್ಲಿ ಹಿಡಿದು ನೋಡಬೇಕೆಂದರೆ ಕಲಬುರಗಿ, ಯಾದಗಿರಿ, ಬೀದರಿನ ಮಂದಿ ಸಾಮಾನ್ಯವಾಗಿ ಹೈದರಾಬಾದಿಗೇ ಹೋಗಬೇಕು. ಕಲಬುರಗಿಯಿಂದ ರಸ್ತೆಯಲ್ಲಿ ಸುಮಾರು 220 ಕಿಮೀ. ಕೆಟ್ಟರೆ ಸರ್ವಿಸಿಗೂ ಅದೇ ದಾರಿ. ಹಾಗಾಗಿ ನಾದ ಚೆನ್ನಾಗಿದೆಯೇ ಎಂದು ಕೇಳಿದರೆ ನಮಗೆ ಸಾಲದು. ಮನೆಯಲ್ಲೇ ಒಂದು ಸ್ಕ್ರೂಡ್ರೈವರ್, ಒಂದು ಅಲೆನ್ ಕೀ ಸೆಟ್ ಇಟ್ಟುಕೊಂಡು ಯಾವುದನ್ನು ಸರಿಯಾಗಿ ಇಟ್ಟುಕೊಳ್ಳಬಹುದು ಎಂಬುದನ್ನೂ ನೋಡಬೇಕು.

ಕಟ್ಟಿಗೆಯ ವಿಷಯಕ್ಕೆ ಭಾಳ ತಲೆ ಕೆಡಿಸಿಕೊಳ್ಳಬೇಡಿ. ಸೋನಿಕ್, ಅಫಿನಿಟಿ ಪಾಪ್ಲರ್, 112 ಆಲ್ಡರ್, 012 ಅಗಾಥಿಸ್. ಈ ಬೆಲೆಯಲ್ಲಿ ಅದರಿಂದ ಆಗುವ ವ್ಯತ್ಯಾಸಕ್ಕಿಂತ ಪಿಕಪ್ಪನ್ನು (ತಂತಿಯ ಕಂಪನ ಹಿಡಿಯುವ ಅಯಸ್ಕಾಂತದ ಸುರುಳಿ) ಒಂದು ಮಿಮೀ ಏರಿಸಿ ಇಳಿಸಿದರೆ ಆಗುವ ವ್ಯತ್ಯಾಸ ದೊಡ್ಡದು.

ನೆಕ್ ಹಾಗಲ್ಲ. ನೆಕ್ ಎಂದರೆ ಗಿಟಾರಿನ ಕತ್ತು. ಅದರ ಮೇಲೆ ಲೋಹದ ಅಡ್ಡಪಟ್ಟಿಗಳು (ಫ್ರೆಟ್) ಕೂತಿರುವ ಫ್ರೆಟ್‌ಬೋರ್ಡು ಅಡ್ಡಕ್ಕೆ ಸ್ವಲ್ಪ ಉಬ್ಬಿರುತ್ತದೆ. ಆ ಉಬ್ಬು ಎಷ್ಟು ದೊಡ್ಡ ವೃತ್ತದ ತುಂಡು ಎಂಬುದನ್ನು ರೇಡಿಯಸ್ ಹೇಳುತ್ತದೆ. ಸ್ಕ್ವಯರ್ ಮೂರಕ್ಕೂ 9.5 ಇಂಚು, ಅಂದರೆ 241 ಮಿಮೀ. ಪ್ಯಾಸಿಫಿಕಾಕ್ಕೆ 350 ಮಿಮೀ, ಅಂದರೆ ಬೋರ್ಡು ಇನ್ನೂ ಚಪ್ಪಟೆ. ನಮ್ಮ ಕಡೆ ಗಿಟಾರ್ ಕಲಿಯುವವರಲ್ಲಿ ಅನೇಕರ ಕಿವಿ ಹಿಂದೂಸ್ತಾನಿ, ಭಜನೆ, ತತ್ವಪದ, ಕವ್ವಾಲಿ ಕೇಳಿ ಪಳಗಿದ್ದು. ಕೈ ತಾನಾಗಿಯೇ ಮೀಂಡ್ ಹುಡುಕುತ್ತದೆ. ಗಿಟಾರಿನಲ್ಲಿ ಮೀಂಡ್ ಎಂದರೆ ತಂತಿಯನ್ನು ಅಡ್ಡಕ್ಕೆ ಎಳೆಯುವುದು. ದುಂಡು ಬೋರ್ಡಿನ ಮೇಲೆ ಮೊದಲ ತಂತಿಯನ್ನು 12ನೇ ಫ್ರೆಟ್ಟಿನಲ್ಲಿ ಎರಡು ಫ್ರೆಟ್ಟಿನಷ್ಟು ಎಳೆದಾಗ ಅದು ಉಬ್ಬಿನ ನೆತ್ತಿಗೆ ಹತ್ತುತ್ತದೆ. ಆ್ಯಕ್ಷನ್, ಅಂದರೆ ಫ್ರೆಟ್ಟಿನಿಂದ ತಂತಿಯ ಎತ್ತರ, ತಗ್ಗಿದ್ದರೆ ಮುಂದಿನ ಫ್ರೆಟ್ಟಿಗೆ ತಾಗಿ ಸ್ವರ ಥಟ್ಟನೆ ನಿಲ್ಲುತ್ತದೆ. 9.5 ಇಂಚಿನ ರೇಡಿಯಸ್ಸಿಗೆ ಫೆಂಡರ್ ಹೇಳುವ ಎತ್ತರ 17ನೇ ಫ್ರೆಟ್ಟಿನ ಮೇಲೆ 1.6 ಮಿಮೀ. ಎಳೆತ ಜಾಸ್ತಿ ಮಾಡುವವರು ಮೊದಲೆರಡು ತಂತಿಗಳನ್ನು 1.8ರವರೆಗೆ ಏರಿಸಿದರೆ ಈ ಕಾಟ ಬಹುಮಟ್ಟಿಗೆ ನಿಲ್ಲುತ್ತದೆ. ಪ್ಯಾಸಿಫಿಕಾದಲ್ಲಿ ತಂತಿ ತಗ್ಗಿದ್ದರೂ ಎಳೆತ ನಿರಾಳ. ಸ್ವರ ಎಳೆದು ನುಡಿಸುವವರು ಯಮಹಾ ಕಡೆ ಹೋಗಲಿ ಎಂದು ನಾನು ಹೇಳುವುದಕ್ಕೆ ಮುಖ್ಯ ಕಾರಣ ಇದೇ. ಬರೀ ಕಾರ್ಡ್ ಹಿಡಿದು ಹಾಡಿಗೆ ಸಾಥ್ ಕೊಡುವವರಿಗೆ ದುಂಡು ಬೋರ್ಡೇ ಹಿತ, ಒಂದೇ ಬೆರಳು ಅಡ್ಡ ಮಲಗಿಸಿ ತಂತಿಗಳನ್ನೆಲ್ಲ ಒತ್ತುವ ಬಾರ್ ಕಾರ್ಡ್ ಸಲೀಸಾಗಿ ಕೂಡುತ್ತದೆ. ತಂತಿ ಎರಡಕ್ಕೂ 9-42 (ತೆಳು ತಂತಿ 0.009 ಇಂಚು, ದಪ್ಪದ್ದು 0.042 ಇಂಚು) ಸಾಕು. ಫ್ರೆಟ್ ಎಣಿಕೆಯಲ್ಲಿ ಸ್ಕ್ವಯರ್ 21, ಯಮಹಾ 22. ಅದಕ್ಕಾಗಿ ಮಾಡೆಲ್ ಬದಲಿಸುವಷ್ಟು ದೊಡ್ಡ ವಿಷಯವಲ್ಲ.

ಇನ್ನು ಹವೆ. ಮಾರ್ಚಿನಿಂದ ಮೇವರೆಗೆ ಇಲ್ಲಿನ ಒಣ ಬಿಸಿಲಿಗೆ ಬೋರ್ಡಿನ ಕಟ್ಟಿಗೆ ಕುಗ್ಗುತ್ತದೆ, ಲೋಹದ ಫ್ರೆಟ್ ಕುಗ್ಗುವುದಿಲ್ಲ. ಫ್ರೆಟ್ಟಿನ ತುದಿಗಳು ಅಂಚಿನಿಂದ ಹೊರಗೆ ಇಣುಕಿ ಅಂಗೈಗೆ ಗರಗಸದ ಹಲ್ಲಿನ ಹಾಗೆ ತಾಗುತ್ತವೆ. ಇದಕ್ಕೆ ಯಾವ ಮಾಡೆಲ್ಲೂ ಹೊರತಲ್ಲ, ಅಂಚು ಸರಿಯಾಗಿ ಉಜ್ಜದೆ ಬಂದ ಅಗ್ಗದ ಗಿಟಾರಿನಲ್ಲಿ ಬೇಗ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಅಂಗಡಿಯಲ್ಲಿ ನುಣ್ಣಗಿದ್ದದ್ದು ಏಪ್ರಿಲ್ಲಿಗೆ ಚುಚ್ಚಬಹುದು. ಕೊಳ್ಳುವಾಗ ನೆಕ್ಕಿನ ಎರಡೂ ಅಂಚಿನ ಮೇಲೆ ಬೆರಳು ಓಡಿಸಿ. ತೇವದ ದಿನಗಳಲ್ಲೇ ಗರಗರ ಎಂದರೆ ಆ ಪೀಸ್ ಬಿಡಿ. ಮನೆಯಲ್ಲಿ ದೊಡ್ಡ ತಪ್ಪು ಆಗುವುದು ಕೂಲರಿನಿಂದ. ರಾತ್ರಿಯಿಡೀ ಕೂಲರಿನ ತೇವದ ಗಾಳಿ, ಹಗಲೆಲ್ಲ ಒಣ ಸೆಕೆ. ದಿನವೂ ಕಟ್ಟಿಗೆ ಹಿಗ್ಗಿ ಕುಗ್ಗುತ್ತದೆ, ತಂತಿಗೆ ತುಕ್ಕು ಬೇರೆ. ಗಿಟಾರನ್ನು ಕೂಲರಿನ ನೇರಕ್ಕೆ ನಿಲ್ಲಿಸಬೇಡಿ, ತಗಡಿನ ಮಾಡಿನ ಕೋಣೆಯಲ್ಲಿ ಗೋಡೆಗೆ ತೂಗುಹಾಕಬೇಡಿ. ಬ್ಯಾಗಿನಲ್ಲಿಟ್ಟು ಒಳಕೋಣೆಯಲ್ಲಿಡಿ. ಲಾರೆಲ್ ಬೋರ್ಡಿದ್ದರೆ ವರ್ಷಕ್ಕೆ ಎರಡು ಸಲ ನಾಲ್ಕೈದು ಹನಿ ಲೆಮನ್ ಆಯಿಲ್ ಸವರಿ ಒರೆಸಿ. ವಾರ್ನಿಶ್ ಹೊಡೆದ ಮೇಪಲ್ ಬೋರ್ಡಿಗೆ ಎಣ್ಣೆ ಬೇಡ.

ಕ್ಲಾಸಿಕ್ ವೈಬ್ ಬಗ್ಗೆ ಇಲ್ಲೇ ಒಂದು ಮಾತು. ಎಲುಬಿನ ನಟ್, ಆಲ್ನಿಕೋ ಅಯಸ್ಕಾಂತದ ಪಿಕಪ್, ಪೂರ್ತಿ ದಪ್ಪದ ಬಾಡಿ, ಹಣಕ್ಕೆ ತಕ್ಕ ವಸ್ತು. ಆದರೆ ನೆಕ್ಕಿಗೆ ಹೊಳಪಿನ ಫಿನಿಶ್. ಮೇ ತಿಂಗಳ ಬೆವರಿಗೆ ಹೆಬ್ಬೆರಳು ಅಂಟಿಕೊಳ್ಳುತ್ತದೆ. 0000 ನಂಬರಿನ ಸ್ಟೀಲ್ ವೂಲಿನಿಂದ ನೆಕ್ಕಿನ ಹಿಂಭಾಗವನ್ನು ಉದ್ದಕ್ಕೆ ಹಗುರಾಗಿ ಉಜ್ಜಿದರೆ ಹೊಳಪು ಸತ್ತು ಕೈ ಜಾರುತ್ತದೆ. ಉಜ್ಜುವ ಮುನ್ನ ಪಿಕಪ್ಪುಗಳಿಗೆ ಟೇಪ್ ಹಚ್ಚಿ, ಇಲ್ಲದಿದ್ದರೆ ಕಬ್ಬಿಣದ ಪುಡಿಯನ್ನು ಅಯಸ್ಕಾಂತ ಎಳೆದುಕೊಂಡು ಕೂರುತ್ತದೆ.

ಬ್ರಿಜ್ ವಿಷಯಕ್ಕೆ ಹಾರ್ಮೋನಿಯಂ ನೆನೆಯಿರಿ. ಭಜನೆಯಲ್ಲಾಗಲಿ ಆರ್ಕೆಸ್ಟ್ರಾದಲ್ಲಾಗಲಿ ಹಾರ್ಮೋನಿಯಂ ತನ್ನ ಶ್ರುತಿ ಬಿಟ್ಟುಕೊಡುವುದಿಲ್ಲ, ಗಿಟಾರೇ ಅದಕ್ಕೆ ಹೊಂದಬೇಕು. ಟ್ಯೂನರನ್ನು ಅದರ ರೂಢಿಯ 440 ಹರ್ಟ್ಸಿನಿಂದ ಸ್ವಲ್ಪ ಸರಿಸಿ ಆರೂ ತಂತಿ ಮತ್ತೆ ಕೂಡಿಸಬೇಕಾಗುವುದು ಸಾಮಾನ್ಯ. ಸಲಾಕೆ ಒತ್ತಿ ಸ್ವರ ಅಲುಗಿಸುವ ಟ್ರೆಮೊಲೋ ಬ್ರಿಜ್ ಬಾಡಿಯಿಂದ ಎದ್ದು ತೇಲುತ್ತಿದ್ದರೆ ಒಂದು ತಂತಿ ಬಿಗಿದಾಗ ಉಳಿದ ಐದು ಇಳಿಯುತ್ತವೆ. ಹಾಡಿನ ನಡುವೆ ಒಂದು ತಂತಿ ಹರಿದರೆ ಉಳಿದವೆಲ್ಲ ಒಟ್ಟಿಗೆ ಮೇಲೇರುತ್ತವೆ. ಸೋನಿಕ್‌ನಲ್ಲಿ ಹಳೆ ಮಾದರಿಯ ಟ್ರೆಮೊಲೋ, ಅಫಿನಿಟಿಯಲ್ಲಿ ಎರಡು ಕಂಬಗಳ ಮೇಲೆ ನಿಂತದ್ದು. ಎರಡನೆಯದು ಚಲನೆಯಲ್ಲಿ ನಯ. ಸೋನಿಕ್‌ನಲ್ಲೇ ಎಚ್‌ಟಿ ಎಂಬ ಅಕ್ಷರವಿರುವ ಸ್ಥಿರ ಬ್ರಿಜ್ಜಿನ ಮಾದರಿಯೂ ಇದೆ. ಸಾಥ್ ನುಡಿಸುವವರಿಗೆ ಅದು ಬಂಗಾರ, ಆದರೂ ಕೇಳುವವರೇ ಕಡಿಮೆ.

ತೇಲುವ ಬ್ರಿಜ್ಜನ್ನು ಬಾಡಿಗೆ ಒತ್ತಿ ಕೂರಿಸುವುದು ಅರ್ಧ ತಾಸಿನ ಕೆಲಸ. ಹಿಂಬದಿಯ ಪ್ಲಾಸ್ಟಿಕ್ ಮುಚ್ಚಳ ತೆಗೆಯಿರಿ. ಸ್ಪ್ರಿಂಗ್‌ಗಳು ಕೊಕ್ಕೆಯ ಪಟ್ಟಿಗೆ ಸಿಕ್ಕಿರುತ್ತವೆ, ಆ ಪಟ್ಟಿಯನ್ನು ಎರಡು ಉದ್ದ ಸ್ಕ್ರೂ ಕಟ್ಟಿಗೆಗೆ ಹಿಡಿದಿರುತ್ತವೆ. ಎರಡನ್ನೂ ಅರ್ಧ ಅರ್ಧ ಸುತ್ತು ಬಿಗಿದು, ಪ್ರತಿ ಸಲ ಶ್ರುತಿ ಸರಿ ಮಾಡಿ, ಬ್ರಿಜ್ಜಿನ ತಟ್ಟೆ ಬಾಡಿಗೆ ಒತ್ತಿ ಕೂರುವ ತನಕ ಹೋಗಿ. ಮೂರು ಸ್ಪ್ರಿಂಗ್ ಸಾಲದಿದ್ದರೆ ಐದು ಮಾಡಿ. ಬ್ರಿಜ್ ತಗ್ಗಿದ್ದರಿಂದ ತಂತಿಯೂ ತಗ್ಗುತ್ತದೆ. ಸ್ಯಾಡಲ್ಲಿನ (ಬ್ರಿಜ್ಜಿನ ಮೇಲೆ ಒಂದೊಂದು ತಂತಿಯೂ ಕೂರುವ ತುಂಡು) ಪುಟ್ಟ ಸ್ಕ್ರೂಗಳನ್ನು ಏರಿಸಿ ಎತ್ತರ ಮತ್ತೆ ಹಿಡಿಯಿರಿ. ಕೊನೆಗೆ 12ನೇ ಫ್ರೆಟ್ಟಿನ ಹಾರ್ಮೋನಿಕ್ಕನ್ನೂ (ಒತ್ತದೆ, ಬೆರಳು ಬರೀ ತಾಗಿಸಿ ಮೀಟಿದ ಸ್ವರ) ಅಲ್ಲೇ ಒತ್ತಿದ ಸ್ವರವನ್ನೂ ಟ್ಯೂನರಿನಲ್ಲಿ ಹೋಲಿಸಿ. ಒತ್ತಿದ್ದು ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ.

ಪಿಕಪ್ಪಿನಲ್ಲಿ ನಾದಕ್ಕಿಂತ ಮೊದಲು ಗುಂಯ್‌ಗುಡುವಿಕೆ ನೋಡಿ. ಸೋನಿಕ್, ಅಫಿನಿಟಿಯ ಸಾದಾ ಮಾದರಿಗಳಲ್ಲಿ ಮೂರೂ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ ಪಿಕಪ್), ಸೆರಾಮಿಕ್ ಅಯಸ್ಕಾಂತ. ನಮ್ಮ 230 ವೋಲ್ಟ್, 50 ಹರ್ಟ್ಸ್ ಕರೆಂಟಿನ ಗುಂಯ್ ಅವಕ್ಕೆ ಸೀದಾ ಹಿಡಿಯುತ್ತದೆ. ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್, ಕರೆಂಟ್ ಹೋದಾಗಿನ ಸ್ಕ್ವೇರ್ ವೇವ್ ಇನ್ವರ್ಟರ್ ಇದನ್ನು ಇನ್ನೂ ಕರ್ಕಶ ಮಾಡುತ್ತವೆ. ಪ್ಯಾಸಿಫಿಕಾ ಮೂರರಲ್ಲೂ ಬ್ರಿಜ್ ಬಳಿ ಹಂಬಕರ್ ಇದೆ. ಒಂದಕ್ಕೊಂದು ಉಲ್ಟಾ ಇರುವ ಎರಡು ಸುರುಳಿ. ತಂತಿಯ ಸ್ವರ ಕೂಡುತ್ತದೆ, ಕರೆಂಟಿನ ಗುಂಯ್ ಕಳೆಯುತ್ತದೆ. 1955ರಲ್ಲಿ ಗಿಬ್ಸನ್‌ನಲ್ಲಿ ಸೆತ್ ಲವರ್ ರೂಪಿಸಿದ ಉಪಾಯವಿದು. 112ವಿಯಲ್ಲಿ ಟೋನ್ ಗುಬ್ಬಿಯನ್ನು (ತಿರುಗಿಸುವ ನಾಬ್) ಮೇಲಕ್ಕೆ ಎಳೆದರೆ ಹಂಬಕರಿನ ಒಂದೇ ಸುರುಳಿ ಉಳಿದು ಸ್ಟ್ರಾಟಿನ ತೆಳು ನಾದವೂ ಸಿಗುತ್ತದೆ, ಪಿಕಪ್ಪುಗಳೂ ಆಲ್ನಿಕೋ. 112ಜೆಯಲ್ಲಿ ಆ ಸೌಕರ್ಯವಿಲ್ಲ. 012ಕ್ಕೂ 112ಜೆಗೂ ಕೈಗೆ, ಕಿವಿಗೆ ತಿಳಿಯುವ ಅಂತರ ಸಣ್ಣದು. ಅದಕ್ಕೆ 012 ಕೊಳ್ಳಿ, ಇಲ್ಲವೇ ಎರಡು ತಿಂಗಳು ತಾಳಿ 112ವಿಗೆ ಹೋಗಿ. ನಡುವಿನದಕ್ಕೆ ಹಣ ಹಾಕಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ತಂತಿ ಮುಟ್ಟಿದಾಗ ಗುಂಯ್ ಕಡಿಮೆಯಾದರೆ ಗಿಟಾರಿನ ಗ್ರೌಂಡ್ ವೈರ್ ಸರಿಯಿದೆ ಎಂದರ್ಥ. ಮುಟ್ಟಿದಾಗ ಜಾಸ್ತಿಯಾದರೆ ಬ್ರಿಜ್ಜಿನ ವೈರ್ ಕಿತ್ತಿದೆ, ಅಥವಾ ಕರೆಂಟಿನ ಸ್ವಿಚ್ ಬೋರ್ಡಿಗೆ ಅರ್ತಿಂಗ್ ಇಲ್ಲ. ಎರಡನೆಯದು ಪ್ರಾಣದ ವಿಷಯ. ಜಾತ್ರೆ, ಮದುವೆಯ ತಾತ್ಕಾಲಿಕ ಲೈನಿನಲ್ಲಿ ಆ್ಯಂಪಿನ ಅರ್ತ್ ಪಿನ್ ಕೆಲಸ ಮಾಡದಿದ್ದರೆ, ತಂತಿ ಹಿಡಿದ ಕೈ ಮತ್ತು ಮೈಕಿಗೆ ತಾಗಿದ ತುಟಿಯ ನಡುವೆ ಶಾಕ್ ಹೊಡೆಯುತ್ತದೆ. ನುಡಿಸುವ ಮುನ್ನ ಆ್ಯಂಪಿನ ಲೋಹದ ಭಾಗಕ್ಕೂ ಮೈಕಿನ ಜಾಲರಿಗೂ ಟೆಸ್ಟರ್ ಇಡಿ. ದೀಪ ಹತ್ತಿದರೆ ಲೈನ್ ಸರಿಯಾಗುವ ತನಕ ಗಿಟಾರ್ ಮುಟ್ಟಬೇಡಿ. ಟೆಸ್ಟರ್ ಹತ್ತಲಿಲ್ಲವೆಂದು ಅರ್ತ್ ಇದೆ ಅಂದುಕೊಳ್ಳಬೇಡಿ, ಎಲೆಕ್ಟ್ರಿಷಿಯನ್‌ಗೆ ಕೇಳಿ. ಗುಂಯ್ ನಿಲ್ಲಲೆಂದು ಅರ್ತ್ ಪಿನ್ ಮುರಿಯುವ ಕೆಲಸವಂತೂ ಎಂದೂ ಬೇಡ.

ಅಂಗಡಿಯಲ್ಲಿ ಮಾಡೆಲ್ ಆರಿಸಿದ ಮೇಲೆ ಪೀಸ್ ಆರಿಸಬೇಕು. ದಪ್ಪ ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್ಟಿನಲ್ಲಿ ಒತ್ತಿ ಹಿಡಿದು, 8ನೇ ಫ್ರೆಟ್ಟಿನ ಮೇಲಿನ ಸಂದು ನೋಡಿ. 0.2ರಿಂದ 0.25 ಮಿಮೀ ಇರಬೇಕು, ಅಂದರೆ ಜೆರಾಕ್ಸ್ ಹಾಳೆ ಎರಡು ತೂರಿದರೆ ಸರಿ. ಸಂದು ಹೆಚ್ಚಿದ್ದರೆ ಟ್ರಸ್ ರಾಡನ್ನು (ನೆಕ್ಕಿನ ಬಾಗು ಸರಿಪಡಿಸುವ ಒಳಗಿನ ಸರಳು) ಬಲಕ್ಕೆ ಎಂಟನೇ ಒಂದು ಸುತ್ತು ತಿರುಗಿಸಿಕೊಡಲು ಹೇಳಿ. ರಾಡ್ ತಿರುಗದೆ ಬಿಗಿದಿದ್ದರೆ ಬೇರೆ ಪೀಸ್. ಬಿಟ್ಟ ತಂತಿಯನ್ನು ಶ್ರುತಿ ಮಾಡಿ ಮೊದಲ ಫ್ರೆಟ್ ಒತ್ತಿ. ಟ್ಯೂನರ್ 10 ಸೆಂಟ್‌ಗಿಂತ (ಒಂದು ಫ್ರೆಟ್ಟಿನ ಅಂತರದಲ್ಲಿ ನೂರು ಸೆಂಟ್) ಮೇಲೆ ತೋರಿಸಿದರೆ ನಟ್ಟಿನಲ್ಲಿ ತಂತಿ ಕೂರುವ ತೋಡು ಆಳವಿಲ್ಲ, ಹಾರ್ಮೋನಿಯಂ ಜೊತೆ ಎಫ್ ಕಾರ್ಡ್ ಯಾವತ್ತೂ ಕೂಡುವುದಿಲ್ಲ. ಶ್ರುತಿ ತಿರುಗಿಸುವಾಗ ನಟ್ಟಿನಲ್ಲಿ ಟಿಂಕ್ ಎಂದರೆ ತಂತಿ ಸಿಕ್ಕಿಕೊಳ್ಳುತ್ತಿದೆ. ಪೆನ್ಸಿಲ್ ಮೊನೆಯ ಪುಡಿ ತೋಡಿಗೆ ಸವರಿದರೆ ಸಾಮಾನ್ಯವಾಗಿ ಸಾಕು. ಎಲ್ಲ ಫ್ರೆಟ್, ಎಲ್ಲ ತಂತಿ ಒಂದೊಂದಾಗಿ ನುಡಿಸಿ. ಒಂದೇ ಫ್ರೆಟ್ಟಿನಲ್ಲಿ ಜಿರ್ ಎಂದರೆ ಅದರ ಮುಂದಿನದು ಎದ್ದಿದೆ. ಸ್ವಿಚ್ಚಿನ ಐದೂ ಜಾಗದಲ್ಲಿ ಗುಬ್ಬಿ ತಿರುಗಿಸಿ, ಜ್ಯಾಕ್ ಅಲುಗಾಡಿಸಿ ಕೇಳಿ.

ಆನ್‌ಲೈನಿನಲ್ಲಿ ತರಿಸುವವರು ಬೇಸಿಗೆಯಲ್ಲಿ ಡಬ್ಬಿಯನ್ನು ಬಂದ ತಕ್ಷಣ ಒಡೆಯದೆ ಐದಾರು ತಾಸು ಒಳಕೋಣೆಯಲ್ಲಿ ಬಿಡಿ. ಒಡೆಯುವಾಗ ವಿಡಿಯೋ ಮಾಡಿ. ಹೊಸ ತಂತಿ ಎರಡು ದಿನ ಇಳಿಯುತ್ತಲೇ ಇರುತ್ತದೆ, ಅದಕ್ಕೆ ಹೆದರಬೇಡಿ. ಮೂರನೇ ದಿನ ಮೇಲಿನ ಪರೀಕ್ಷೆಗಳನ್ನೆಲ್ಲ ಮಾಡಿ. ಎದ್ದ ಫ್ರೆಟ್, ತಿರುಗದ ಟ್ರಸ್ ರಾಡ್, ತಿರುಚಿದ ನೆಕ್ ಈ ಮೂರರಲ್ಲಿ ಒಂದು ಕಂಡರೂ ವಾಪಸಿನ ಗಡುವು ಮುಗಿಯುವ ಮುನ್ನ ಕಳಿಸಿಬಿಡಿ.