ತಾಯಿ ಮಾತ್ರ ಬೆಂಚಿನಲ್ಲಿ

ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಗೆ ಬಂದು 4 ವರ್ಷವಾಗಿದ್ದರೂ, ಇಲ್ಲಿ ಹೆಚ್ಚಾಗಿರುವ ಮಾರ್ಮನ್ ಅನ್ನೋ ಕ್ರೈಸ್ತ ಪಂಗಡದವರ ಚರ್ಚಿನೊಳಗೆ ಕಾಲಿಟ್ಟಿರಲಿಲ್ಲ. ಪಕ್ಕದ ಮನೆಯ ಗೆಳತಿ ಮಗುವಿಗೆ ಹೆಸರಿಡ್ತೀವಿ, ಬಾ ಅಂದಳು. ತಿಂಗಳ ಮೊದಲ ಭಾನುವಾರ. ಅವತ್ತು ಅವರಿಗೆ ಉಪವಾಸ ಅಂತ ಗೊತ್ತಿಲ್ಲದೆ ನಾನು ಗಡದ್ದಾಗಿ ಉಪ್ಪಿಟ್ಟು ತಿಂದು ಹೋಗಿ ಕೂತೆ.

ಆರೇಳು ಗಂಡಸರು ಮುಂದೆ ಹೋಗಿ ಸುತ್ತುಗಟ್ಟಿ ನಿಂತರು. ಒಂದು ಕೈ ಮಗುವಿನ ಕೆಳಗೆ, ಇನ್ನೊಂದು ಪಕ್ಕದವನ ಹೆಗಲ ಮೇಲೆ. ಅಪ್ಪ ಪ್ರಾರ್ಥನೆ ಹೇಳುತ್ತಿದ್ದ, ಉಳಿದವರು ಮಗುವನ್ನು ಮೆಲ್ಲಗೆ ತೂಗುತ್ತಿದ್ದರು. ಹೆತ್ತವಳು ನನ್ನ ಪಕ್ಕ, ಮಗುವಿನ ಹೊದಿಕೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಮ್ಮ ಮನೆ ಕಡೆ ತೊಟ್ಟಿಲ ಶಾಸ್ತ್ರದಲ್ಲಿ ಕಿವಿಯಲ್ಲಿ ಹೆಸರು ಹೇಳೋದು ಸೋದರತ್ತೆ, ಎಲ್ಲ ಹೆಂಗಸರದ್ದೇ ಕಾರುಬಾರು. ಹಾಗಂತ ಬೀಗೋ ಹಾಗೇನಿಲ್ಲ, ನಮ್ಮೂರ ಗರ್ಭಗುಡಿಯ ಹೊಸ್ತಿಲು ದಾಟಿದ ಹೆಂಗಸನ್ನು ನಾನೂ ಕಂಡಿಲ್ಲ.

ಪೌರೋಹಿತ್ಯ ಇಲ್ಲಿ ಗಂಡಸರಿಗೆ ಮಾತ್ರ. ಹುಡುಗರಿಗೆ 12 ತುಂಬುವ ವರ್ಷದಿಂದಲೇ ಸಿಗುತ್ತದೆ. ಗೆಳತಿಯ ದೊಡ್ಡ ಮಗಳಿಗೂ 12. ಅವಳ ಕ್ಲಾಸಿನ ಹುಡುಗನೇ ಪೌರೋಹಿತ್ಯದ ಕೆಲಸವಾಗಿ ಪ್ರಸಾದದಂಥ ಬ್ರೆಡ್ ಚೂರುಗಳ ತಟ್ಟೆ ತಂದಾಗ "ಇವನಿಗೆ ಶೂ ಲೇಸ್ ಕಟ್ಕೊಳ್ಳೋಕೂ ಬರಲ್ಲ" ಅಂತ ಪಿಸುಗುಟ್ಟಿದಳು. ತಟ್ಟೆ ಬೆಂಚಿಗೆ ಬಂದ ಮೇಲೆ ಕೈಯಿಂದ ಕೈಗೆ ದಾಟಿಸಿದ್ದು ನಾವು ಹೆಂಗಸರೇ. ಅದಕ್ಕೇನೂ ಅಡ್ಡಿಯಿಲ್ಲ!

ಸುಮ್ನೆ ಮಗುವನ್ನು ಹಿಡಿದುಕೊಂಡು ನಡುವೆ ನಿಲ್ಲಲಾ ಅಂತ ಗೆಳತಿ ಆ ಚರ್ಚಿನ ಮುಖ್ಯಸ್ಥರಾದ ಬಿಷಪ್ಪರನ್ನು ಕೇಳಿದ್ದಳಂತೆ. ನಿಯಮದಲ್ಲಿ ಇಲ್ಲ ಅಂದರಂತೆ. ಒಳ್ಳೆಯ ಮನುಷ್ಯ. ಸಂಬಳವಿಲ್ಲದೆ ಚರ್ಚಿನ ಕೆಲಸ ಮಾಡುತ್ತಾರೆ, ನಮ್ಮ ಮನೆ ಮುಂದಿನ ಹಿಮವನ್ನೂ ಕೇಳದೆ ಎತ್ತಿ ಹಾಕುತ್ತಾರೆ. ಜಗಳ ಆಡೋಕೂ ಆಗದಂಥವರು.

"ಈ ಚರ್ಚನ್ನೇ ಬಿಟ್ಟುಬಿಡಬಹುದಲ್ವಾ?" ಅಂತ ಗೆಳತಿಗೆ ಅಂದೆ. ಅಂದಮೇಲೆ ನನಗೇ ಪೆಚ್ಚಾಯಿತು.

"ನಮ್ಮಜ್ಜಿಯ ಅಜ್ಜಿ ಕೈಗಾಡಿ ತಳ್ಕೊಂಡು ಈ ಊರಿಗೆ ನಡೆದು ಬಂದವಳು. ನಾನ್ಯಾಕೆ ಬಿಡಲಿ?"

ಆಮೇಲೆ ಅವಳೇ ಹೇಳಿದಳು. 1870ರಲ್ಲೇ ಯೂಟಾದ ಹೆಂಗಸರು ಓಟು ಹಾಕಿದ್ದರು, 1887ರಲ್ಲಿ ಅಮೆರಿಕದ ಸಂಸತ್ತು ಅದನ್ನು ಕಿತ್ತುಕೊಂಡಿತು, 1896ರಲ್ಲಿ ವಾಪಸ್ ಬಂತು. ಹೆಂಗಸರಿಗೂ ಪೌರೋಹಿತ್ಯ ಬೇಕು ಅಂತ ಚಳವಳಿ ಕಟ್ಟಿದ ಕೇಟ್ ಕೆಲ್ಲಿಯನ್ನು 2014ರಲ್ಲಿ ಚರ್ಚಿನಿಂದಲೇ ಹೊರಹಾಕಿದರು. ಆದರೆ 2019ರಿಂದ ದೀಕ್ಷಾಸ್ನಾನಕ್ಕೆ ಹೆಂಗಸರೂ ಸಾಕ್ಷಿ ನಿಲ್ಲಬಹುದು. ಕೇಳಿ ಕೇಳಿ ತಾನೇ ಅಷ್ಟಾದರೂ ಆಗಿದ್ದು?

ಮಕ್ಕಳನ್ನು ಬಿಷಪ್ ಒಬ್ಬರೇ ಕೋಣೆಗೆ ಕರೆದು ನಡತೆಯ ಬಗ್ಗೆ ಪ್ರಶ್ನೆ ಕೇಳುವ ರೂಢಿ ಇದೆ. ಮಗು ಬಯಸಿದರೆ ಇನ್ನೊಬ್ಬ ದೊಡ್ಡವರು ಜೊತೆಗಿರಬಹುದು ಅಂತ 2018ರಲ್ಲಿ ನಿಯಮ ಬಂತು. ಮಗಳು ಕರೆದಾಗೆಲ್ಲ ಗೆಳತಿ ಒಳಗೆ ಹೋಗಿ ಕೂರುತ್ತಾಳೆ. "ಅವರ ಮೇಲೆ ಅನುಮಾನ ಇಲ್ಲ. ಆದ್ರೆ ಒಳ್ಳೆಯತನ ನಂಬಿ ಬಾಗಿಲು ಮುಚ್ಚೋಕಾಗಲ್ಲ" ಅಂದಳು.

ಕಾರಿಡಾರಿಗೆ ಬಂದಾಗ ಮಗು ಅಳುತ್ತಿತ್ತು. ಗಂಡಸರು ಕೈಕುಲುಕುವುದರಲ್ಲಿದ್ದರು. ನಾನು ಸೋದರತ್ತೆಯ ಶಾಸ್ತ್ರ ಹೇಳಿದ್ದೇ ತಡ, ದೊಡ್ಡ ಮಗಳು ಬಗ್ಗಿ ತಂಗಿಯ ಕಿವಿಯಲ್ಲಿ ಹೆಸರು ಹೇಳಿದಳು. ಅಳು ನಿಲ್ಲಲಿಲ್ಲ. ಇನ್ನೊಮ್ಮೆ, ಸ್ವಲ್ಪ ಜೋರಾಗಿಯೇ ಹೇಳಿದಳು.