ಶೀಟಿನ ಕೆಳಗೆ ಯಾರ ಗಾಡಿ ನಿಲ್ಬೇಕು

ಹೋದ ವಾರ ಬೆಂಗಳೂರಿನ ಪೀಣ್ಯ ಇಂಡಸ್ಟ್ರಿಯಲ್ ಏರಿಯಾ ಸೆಕೆಂಡ್ ಸ್ಟೇಜಲ್ಲಿ ಸಂಜೆ ಟೀ ಕುಡೀತಾ ನಿಂತಿದ್ದಾಗ ಪಕ್ಕದ ಶೆಡ್ಡಿನ ಓನರ್ರು ಒಂದು ಮಾತು ಕೇಳಿದ್ರು. ಬೆಂಜ್ ಬುಕ್ ಮಾಡಿದೀನಿ ಕಣ್ರಿ, ಮುಂದಿನ ತಿಂಗಳು ಡೆಲಿವರಿ, ಆದ್ರೆ ಅದನ್ನ ಫ್ಯಾಕ್ಟರಿಗೆ ತರೋದಾ ಬೇಡ್ವಾ, ಹುಡುಗ್ರು ಏನಂದ್ಕೋತಾರೋ ಅಂತ. ಅವತ್ತು ನಾನು ಅರ್ಧಂಬರ್ಧ ಏನೋ ಹೇಳಿ ಬಂದೆ, ಆದ್ರೆ ಮನೆಗೆ ಬಂದ ಮೇಲೂ ಅದೇ ತಲೇಲಿ ಓಡ್ತಿತ್ತು. ಯಾಕಂದ್ರೆ ನಾನು ಸಂಬಳ ತಗೊಳ್ಳೋನಾಗೂ ಇದ್ದೆ, ಈಗ ಸಂಬಳ ಕೊಡೋನಾಗೂ ಇದೀನಿ. ಹದಿನಾಲ್ಕು ಜನರನ್ನ ಇಟ್ಕೊಂಡು ಸಣ್ಣದಾಗಿ ಸಿಎನ್‌ಸಿ ಜಾಬ್ ವರ್ಕ್ ನಡೆಸ್ತೀನಿ, ಅಂದ್ರೆ ಕಂಪ್ಯೂಟರ್ ಮಷೀನಲ್ಲಿ ಬೇರೆ ಕಂಪನಿಗಳಿಗೆ ಲೋಹದ ಬಿಡಿಭಾಗ ಮಾಡಿಕೊಡೋದು, ಅದಕ್ಕೂ ಮುಂಚೆ ಒಂಬತ್ತು ವರ್ಷ ಇನ್ನೊಬ್ರ ಹತ್ರ ಆಪರೇಟರ್ ಆಗಿ, ಆಮೇಲೆ ಸೂಪರ್‌ವೈಸರ್ ಆಗಿ ಇದ್ದೆ.

ಆ ಒಂಬತ್ತು ವರ್ಷದಲ್ಲಿ ನೋಡಿದ್ದೇ ಮೊದಲು ಹೇಳ್ತೀನಿ. ಆ ಶೆಡ್ಡಿನ ಮುಂದೆ ತಗಡಿನ ಶೀಟ್ ಹೊದಿಸಿದ ಒಂದು ಜಾಗ ಇತ್ತು, ನಮ್ಮ ಬೈಕು ಸೈಕಲ್ಲು ಎಲ್ಲಾ ಅದರ ಕೆಳಗೆ ನಿಲ್ತಿದ್ವು. ಓನರ್ರು ದೊಡ್ಡ ಕಾರು ತಂದ ದಿನ ಬೆಳಿಗ್ಗೆ ಸೆಕ್ಯುರಿಟಿ ಬಂದು ಎಲ್ಲಾರೂ ಗಾಡಿ ತೆಗೀರಪ್ಪ ರಸ್ತೆಗೆ ಹಾಕಿ ಅಂದ. ಮಳೆಗಾಲ. ಫಸ್ಟ್ ಶಿಫ್ಟ್ ಮುಗಿಸ್ಕೊಂಡು ಹೊರಗೆ ಬಂದ್ರೆ ಸೀಟೆಲ್ಲಾ ನೀರು ಕುಡಿದು ಸ್ಪಂಜಿನ ಥರ ಆಗಿರೋದು, ಪ್ಲಾಸ್ಟಿಕ್ ಕವರ್ ಹಾಸ್ಕೊಂಡು ಕೂತು ಲಗ್ಗೆರೆ ಹೆಗ್ಗನಹಳ್ಳಿ ಕಡೆ ಹೋಗೋರು. ಆ ತಿಂಗಳ ಸಂಬಳ ಬಂದಿದ್ದು 19ನೇ ತಾರೀಕು. ಪೇಮೆಂಟ್ ಬಂದಿಲ್ಲ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಅಂತ ಹೇಳಿದ್ರು, ಹೇಳಿದ್ದು ಆ ಕಾರಿಂದ ಇಳೀತಾ.

ಇನ್ನೊಂದು ವಿಷಯ ಇವತ್ತಿಗೂ ಮರೆಯೋಕಾಗಿಲ್ಲ. ಒಬ್ಬ ಹೆಲ್ಪರ್ ಹುಡುಗನಿಗೆ ದಿನಾ ಬೆಳಿಗ್ಗೆ ಕಾರು ಒರೆಸೋ ಕೆಲಸ ಬಿತ್ತು. ಅವನು ಪೀಸಿನ ಚೂಪು ಅಂಚು ಉಜ್ಜೋ ಡಿಬರ್ರಿಂಗ್ ಟೇಬಲ್ ಮೇಲಿದ್ದ ಕಾಟನ್ ವೇಸ್ಟೇ ತಗೊಂಡು ಹೋಗಿ ಒರೆಸಿದ, ಅದರೊಳಗೆ ಒಂದು ಸ್ಟೀಲ್ ಚಿಪ್ ಸಿಕ್ಕಾಕೊಂಡಿತ್ತು, ಬಾನೆಟ್ ಮೇಲೆ ಗೇಣುದ್ದ ಗೆರೆ. ಅವನ ಎರಡು ದಿನದ ಸಂಬಳ ಕಟ್. ಅವನು ಕೆಲಸಕ್ಕೆ ಸೇರಿದ್ದು ಮಷೀನ್ ಕಲೀಬೇಕು ಅಂತ, ಕಾರು ಒರೆಸೋಕಲ್ಲ. ಅಲ್ಲೀವರೆಗೂ ಕಾರಿನ ಬಗ್ಗೆ ಯಾರೂ ಕೆಟ್ಟದಾಗಿ ಮಾತಾಡಿರಲಿಲ್ಲ ಅನ್ನೋದು ನಿಜ, ಹೊಸ ಕಾರು ಬಂದಾಗ ಎಲ್ಲರೂ ಪೇಡೆ ತಿಂದಿದ್ವಿ, ಫೋಟೋನೂ ತೆಗೆಸ್ಕೊಂಡಿದ್ವಿ. ಅದಾದ್ಮೇಲೆ ಶೆಡ್ಡಿನ ಒಳಗಿನ ಗಾಳಿನೇ ಬದಲಾಯ್ತು. ಕಟಿಂಗ್ ಟೂಲಿನ ತುದಿ, ಇನ್ಸರ್ಟ್ ಎಡ್ಜ್, ಮೊಂಡಾಗಿ ಹೋಗಿದೆ ಅಂತ ಗೊತ್ತಾದ್ರೂ ಯಾರೂ ಬಾಯಿ ಬಿಡ್ತಿರಲಿಲ್ಲ, ಶಿಫ್ಟ್ ಮುಗಿಯೋವರೆಗೂ ಹಾಗೇ ಓಡಿಸೋರು, ಆಮೇಲೆ ಬ್ಯಾಚಿಗೆ ಬ್ಯಾಚೇ ರಿಜೆಕ್ಷನ್. ಸೂಪರ್‌ವೈಸರ್ ಆಗಿದ್ದ ನನಗೆ ಅದು ಕಣ್ಣಿಗೆ ಕಾಣ್ತಿತ್ತು. ಒಂದೇ ವರ್ಷದಲ್ಲಿ ಒಳ್ಳೇ ಆಪರೇಟರ್ಸ್ ಆರು ಜನ ಬಿಟ್ಟು ಹೋದ್ರು.

ಹುಡುಗ್ರಿಗೆ ಲೆಕ್ಕ ಗೊತ್ತಿಲ್ಲ ಅಂತ ಓನರ್‌ಗಳು ಅಂದ್ಕೊಂಡಿರ್ತಾರಲ್ಲ, ಅದು ದೊಡ್ಡ ತಪ್ಪು. ದಿನಕ್ಕೆ ಎಷ್ಟು ಪೀಸ್ ಹೋಗುತ್ತೆ ಅಂತ ಅವರಿಗೆ ಗೊತ್ತು, ಪೀಸ್ ರೇಟ್ ಎಷ್ಟು ಅಂತ ಮಾಲಿನ ಜೊತೆ ಹೋಗೋ ಡೆಲಿವರಿ ಚಲನ್ ಬರೆಯೋ ಹುಡುಗನಿಂದ ಗೊತ್ತಾಗುತ್ತೆ, ಸ್ಕ್ರ್ಯಾಪ್ ಎಷ್ಟಕ್ಕೆ ಹೋಯ್ತು ಅಂತಾನೂ ಗೊತ್ತು. ಟೀ ಅಂಗಡೀಲಿ ನಿಂತು ಲೆಕ್ಕ ಹಾಕ್ತಾರೆ. 50 ಲಕ್ಷ ಸಾಲ, ಐದು ವರ್ಷ, 9 ಪರ್ಸೆಂಟ್ ಬಡ್ಡಿ ಅಂದ್ರೆ ತಿಂಗಳಿಗೆ ಒಂದು ಲಕ್ಷದ ಮೇಲೆ ಇಎಂಐ. 20 ಲಕ್ಷ ದಾಟಿದ ಪೆಟ್ರೋಲ್ ಡೀಸೆಲ್ ಕಾರಿಗೆ ಕರ್ನಾಟಕದಲ್ಲಿ ಲೈಫ್ ಟೈಮ್ ಟ್ಯಾಕ್ಸೇ 18 ಪರ್ಸೆಂಟ್, ಸೆಸ್ ಬೇರೆ. ಅದೇ ನನ್ನ ಹದಿನಾಲ್ಕು ಜನಕ್ಕೂ ತಲಾ 1500 ರೂಪಾಯಿ ಜಾಸ್ತಿ ಮಾಡಿದ್ರೆ ತಿಂಗಳಿಗೆ 21 ಸಾವಿರ. ಈ ಎರಡು ನಂಬರ್ ಪಕ್ಕ ಪಕ್ಕ ಇಟ್ಟು ನೋಡೋಕೆ ಯಾವ ಸಿಎ ಬೇಕು ಹೇಳಿ.

ಹಾಗಂತ ಓನರ್ ಆದವನು ಸ್ಕೂಟರಲ್ಲೇ ಓಡಾಡ್ಬೇಕು, ಕಷ್ಟದಲ್ಲೇ ಇದೀನಿ ಅಂತ ತೋರಿಸ್ಕೋಬೇಕು ಅನ್ನೋ ಮಾತು ನನಗೆ ಒಪ್ಪಿಗೆ ಇಲ್ಲ. 2020ರ ಮಾರ್ಚಲ್ಲಿ ಲಾಕ್‌ಡೌನ್ ಆದಾಗ ಏಪ್ರಿಲ್ ಮೇ ಎರಡು ತಿಂಗಳು ಒಂದು ಪೀಸೂ ಹೊರಗೆ ಹೋಗಲಿಲ್ಲ, ಶೆಡ್ ಬಾಡಿಗೆ, ಮಷೀನ್ ಲೋನು ಎಲ್ಲಾ ತಲೆ ಮೇಲೆ, ನನ್ನ ಹೆಂಡ್ತಿ ಬಳೆ ಅಡ ಇಟ್ಟು ಅರ್ಧ ಸಂಬಳ ಕೊಟ್ಟೆ. ದೊಡ್ಡ ಕಂಪನಿಗಳು ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ದುಡ್ಡು ಕೊಡ್ಬೇಕು ಅಂತ 2006ರಿಂದ ಕಾಯ್ದೆ ಇದೆ, ಆದ್ರೂ ನಮಗೆ 90 ದಿನಕ್ಕೆ ಬಂದ್ರೆ ಪುಣ್ಯ. ಇಷ್ಟೆಲ್ಲಾ ತಡ್ಕೊಂಡು ನಿಂತೋನು ಒಂದು ದಿನ ಆಸೆಪಟ್ಟು ಒಳ್ಳೇ ಕಾರು ತಗೊಂಡ್ರೆ ಅದರಲ್ಲಿ ತಪ್ಪೇನಿದೆ? ಹುಡುಗ್ರೂ ತಪ್ಪು ಅನ್ನಲ್ಲ. ಹಾವೇರಿ ರಾಯಚೂರಿಂದ ಬಂದಿರೋ ಹುಡುಗ್ರು ಊರಿಗೆ ಫೋನ್ ಮಾಡ್ದಾಗ ನಮ್ ಓನರ್ ಹತ್ರ ಫಾರ್ಚೂನರ್ ಐತಿ ಅಂತ ಹೆಮ್ಮೆಯಿಂದ ಹೇಳೋದನ್ನ ನಾನೇ ಕಿವಿಯಾರೆ ಕೇಳಿದೀನಿ. ಕಾರು ಬಂತು ಅಂದ್ರೆ ಕಂಪನಿ ಗಟ್ಟಿ ಇದೆ, ನಮ್ ಕೆಲಸ ಎಲ್ಲೂ ಹೋಗಲ್ಲ ಅನ್ನೋ ಧೈರ್ಯಾನೂ ಅವರಿಗೆ ಬರುತ್ತೆ.

ದೊಡ್ಡ ಕಾರು ತಗೊಳ್ಳೋದು ತಪ್ಪಲ್ಲ ಅನ್ನೋದಕ್ಕೆ ನಮ್ಮ ಬೆಂಗಳೂರಿನ ರಮೇಶ್ ಬಾಬು ಅವರೇ ಸಾಕ್ಷಿ. ಕ್ಷೌರದಂಗಡಿ ನಡೆಸ್ತಾ ಒಂದು ಮಾರುತಿ ಓಮ್ನಿಯಿಂದ ಬಾಡಿಗೆ ಕಾರಿನ ವ್ಯಾಪಾರ ಶುರು ಮಾಡಿ 2011ರಲ್ಲಿ ರೋಲ್ಸ್ ರಾಯ್ಸ್ ಘೋಸ್ಟ್ ತಗೊಂಡ್ರು, ಆಮೇಲೂ ಕತ್ತರಿ ಕೆಳಗಿಡಲಿಲ್ಲ, ಸಲೂನಿಗೆ ಬಂದು ಕಟಿಂಗ್ ಮಾಡ್ತಾನೇ ಇದ್ರು. ಅವರಿಗೆ ಕಾರೇ ವ್ಯಾಪಾರ, ನಮ್ಮಂಥ ಲೇತಿನವರಿಗೆ ಅಲ್ಲ, ಅದು ಬೇರೆ. ಆದ್ರೆ ಕಾರಿಂದ ಇಳಿದು ಜೊತೆಯವರ ಪಕ್ಕದಲ್ಲೇ ನಿಂತು ಅದೇ ಕೆಲಸ ಮಾಡೋ ಮನುಷ್ಯನ ಕಾರು ಯಾರ ಕಣ್ಣಿಗೂ ಚುಚ್ಚಲ್ಲ.

ಕೆಲವರು ಬಚ್ಚಿಡ್ತಾರೆ. ಬಿಎಂಡಬ್ಲ್ಯೂ ಮನೇಲಿ ಬಿಟ್ಟು ಹಳೇ ಆಲ್ಟೋದಲ್ಲಿ ಬರೋರಿದಾರೆ, ಹಿಂದಿನ ಕ್ರಾಸಲ್ಲಿ ನಿಲ್ಲಿಸಿ ನಡ್ಕೊಂಡು ಬರೋರೂ ಇದಾರೆ. ಕಸ್ಟಮರ್ ಹತ್ರ ಹೋಗುವಾಗ ಹಾಗೆ ಮಾಡೋದು ನನಗೆ ಅರ್ಥ ಆಗುತ್ತೆ, ಪರ್ಚೇಸ್ ಮ್ಯಾನೇಜರ್ ಕಿಟಕಿಯಿಂದ ಕಾರು ನೋಡಿಬಿಟ್ರೆ ನಿಮಗೇನ್ ಸಾರ್ ಇನ್ನೊಂದೆರಡು ರೂಪಾಯಿ ಬಿಡಿ ಅಂತ ಶುರು ಮಾಡ್ತಾರೆ. ಆದ್ರೆ ಕೆಲಸದವರಿಂದ ಬಚ್ಚಿಡೋದು ಮಾತ್ರ ಬೇಡವೇ ಬೇಡ. ಡಿಪ್ರಿಸಿಯೇಷನ್ ಅಂದ್ರೆ ಸವಕಳಿ ಲೆಕ್ಕದಲ್ಲಿ ತೆರಿಗೆ ಉಳಿಯುತ್ತೆ ಅಂತ ಕಾರು ಕಂಪನಿ ಹೆಸರಲ್ಲಿ ತಗೊಂಡಿರ್ತಾರೆ, ಇಎಂಐ ಕಂಪನಿ ಅಕೌಂಟಿಂದ ಹೋಗುತ್ತೆ, ಇನ್ಶೂರೆನ್ಸ್ ಪೇಪರ್ ಆಫೀಸಿಗೇ ಕೊರಿಯರ್ ಬರುತ್ತೆ, ಡ್ರೈವರ್ ಇವರ ಜೊತೇಲೇ ಕೂತು ಊಟ ಮಾಡ್ತಾನೆ. ಹಾರ ಹಾಕಿ ದೊಡ್ಡ ಕೀ ಹಿಡ್ಕೊಂಡ ಫೋಟೋ ಹೆಂಡ್ತಿ ಸ್ಟೇಟಸ್‌ನಲ್ಲಿ ಇರುತ್ತೆ. ಬಚ್ಚಿಟ್ಟದ್ದು ಗೊತ್ತಾದ ದಿನ, ಯಾಕಪ್ಪ ನಮ್ ಹತ್ರ ಮುಚ್ಚಿಟ್ರು, ನಮ್ದೇನಾದ್ರೂ ಹೊಡೆದಿದಾರಾ ಅಂತಾನೇ ಅವರು ಯೋಚನೆ ಮಾಡೋದು.

ನಾನೂ ಒಂದು ಸಲ ತಪ್ಪು ಮಾಡಿದೀನಿ. 2022ರಲ್ಲಿ ಕೆಲಸ ಚೆನ್ನಾಗಿ ನಡೀತಿತ್ತು, ಇನ್ನೋವಾ ಕ್ರಿಸ್ಟಾ ತಗೊಂಡೆ. ಬೆಂಜ್ ಅಲ್ಲ ನಿಜ, ಆದ್ರೆ ಎರಡು ಸಾವಿರಕ್ಕೆ ಅಡ್ವಾನ್ಸ್ ಕೇಳೋರ ಮುಂದೆ ಎರಡೂ ಒಂದೇ. ಸ್ವೀಟ್ ಹಂಚಿದೆ. ಎಲ್ಲರೂ ಹೋದ್ಮೇಲೆ ಲೇತ್ ಮಷೀನ್ ಓಡಿಸೋ ನಮ್ಮ ಹಿರಿಯ ಟರ್ನರ್, ನನಗಿಂತ ವಯಸ್ಸಲ್ಲಿ ದೊಡ್ಡೋರು, ನಾನು ಅಣ್ಣ ಅಂತಾನೇ ಕರೆಯೋದು, ಕಾರಿನ ಸುತ್ತ ಒಂದು ರೌಂಡ್ ಬಂದು ಕೈ ಒರೆಸ್ಕೊಂಡು ನಿಧಾನಕ್ಕೆ ಹೇಳಿದ್ರು, ಗಾಡಿ ಚೆನ್ನಾಗೈತೆ ಸಾರ್, ದೇವರು ಒಳ್ಳೇದು ಮಾಡ್ಲಿ, ನಮ್ ಏಪ್ರಿಲ್‌ದು ಏನಾಯ್ತು ಸಾರ್?

ಏಪ್ರಿಲಲ್ಲಿ ಇನ್‌ಕ್ರಿಮೆಂಟ್ ಕೊಡ್ತೀನಿ ಅಂದಿದ್ದೆ. ಅವತ್ತು ಜುಲೈ. ನನಗೆ ಮರೆತೇ ಹೋಗಿತ್ತು, ಅವರಿಗೆ ಮರೆತಿರಲಿಲ್ಲ. ಅವರ ಧ್ವನೀಲಿ ಸಿಟ್ಟು ಇರಲಿಲ್ಲ, ಸಿಟ್ಟಿದ್ದಿದ್ರೆ ನನಗೆ ಸುಲಭ ಆಗ್ತಿತ್ತು. ರಾತ್ರಿ ನಿದ್ದೆ ಬರಲಿಲ್ಲ, ಮಾರನೇ ದಿನ ಏಪ್ರಿಲಿಂದ ಹಿಡಿದು ಅರಿಯರ್ಸ್ ಸಮೇತ ಹಾಕಿದೆ.

ಅದಕ್ಕೇ ನಿನ್ನೆ ಪಕ್ಕದ ಶೆಡ್ಡಿನವರಿಗೆ ಫೋನ್ ಮಾಡಿ ಹೇಳಿದೆ, ಅಣ್ಣ ನೀವು ತನ್ನಿ, ಗೇಟಿಂದಾನೇ ತನ್ನಿ, ಆದ್ರೆ ಅದಕ್ಕೂ ಮುಂಚೆ ಸಂಬಳ ಏಳನೇ ತಾರೀಕು ದಾಟಿಲ್ಲ ತಾನೆ ನೋಡ್ಕೊಳ್ಳಿ, ಹುಡುಗ್ರ ಪಿಎಫ್ ಹಿಡ್ಕೊಂಡಿದ್ದು 15ನೇ ತಾರೀಕೊಳಗೆ ಕಟ್ಟಿದೀರಾ ನೋಡ್ಕೊಳ್ಳಿ, ಆಯುಧಪೂಜೆ ಬೋನಸ್ ಬಾಕಿ ಇದ್ರೆ ಕೊಟ್ಬಿಡಿ, ಈ ವರ್ಷ ಕೈಲಾಗಲ್ಲ ಅಂತ ಯಾರಿಗಾದ್ರೂ ಹೇಳಿದೀರಾ ಅಂತ ನೆನಪು ಮಾಡ್ಕೊಳ್ಳಿ ಅಂತ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, ಇಬ್ಬರಿಗೆ ಹೇಳಿದೀನಿ ಕಣ್ರಿ ಅಂದ್ರು. ಒಬ್ಬ ಮಗಳ ಕಾಲೇಜ್ ಫೀಸಿಗೆ ಕೇಳಿದ್ದನಂತೆ. ಮೊದ್ಲು ಅವನನ್ನ ಕರೆದು ಕೊಡಿ ಅಂದೆ, ಕೊಡ್ತೀನಿ ಅಂದ್ರು.

ಕಾರು ಎಲ್ಲಿ ನಿಲ್ಲಿಸ್ತೀರಾ ಅಂತಾನೂ ಕೇಳಿದೆ. ಅದನ್ನ ಅವರು ಯೋಚನೆ ಮಾಡಿರಲಿಲ್ಲ. ನಮ್ಮಲ್ಲಿ ಶೀಟಿನ ಕೆಳಗೆ ಹನ್ನೊಂದು ಬೈಕು ಒಂದು ಸೈಕಲ್ಲು ನಿಲ್ಲುತ್ತೆ, ಇನ್ನಿಬ್ಬರು ಮೆಟ್ರೋದಲ್ಲಿ ಬರ್ತಾರೆ. ಇನ್ನೋವಾ ರಸ್ತೆ ಬದಿ ಹೊಂಗೆ ಮರದ ಕೆಳಗೆ, ಮೇಲೆಲ್ಲಾ ಹೂವು ಉದುರಿರುತ್ತೆ, ಸಂಜೆ ನಾನೇ ಒರೆಸ್ಕೊಂಡು ಮನೆಗೆ ಹೊರಡ್ತೀನಿ.